ಹಳ್ಳದ ದಂಡೆಯ ನಕ್ಷೆ

ರೆಹಾನಾ, ಆ ನಕ್ಷೆಯನ್ನು ನೀನು ಕಳೆದುಕೊಂಡಿರಲಿಲ್ಲ. ನನ್ನ ಕೈಗೇ ಕೊಟ್ಟಿದ್ದೆ. ನಾನೇ ಅದನ್ನು ಕಡತದಿಂದ ತೆಗೆದಿಟ್ಟೆ — ಬೇಕೆಂದೇ.

ಆರು ವರ್ಷವಾಯಿತು. ನ್ಯೂಜೆರ್ಸಿಯ ಆ ಹಳ್ಳದ ಪಕ್ಕ ರಸ್ತೆ ಅಗಲ ಮಾಡಬೇಕಿತ್ತು. ಅದಕ್ಕೂ ಮೊದಲು, ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರ ಹಳೆಯ ನೆಲೆಗಳನ್ನು ಹೇಗೆ ಕಾಪಾಡುತ್ತೇವೆ ಎಂಬ ಯೋಜನೆಗೆ ಸರ್ಕಾರದ ಒಪ್ಪಿಗೆ ಬೇಕು. ಅದನ್ನು ಬರೆಯುವ ಕೆಲಸ ನಮ್ಮ ಕಂಪನಿಯದು. ನಾನು ಅಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಮೈಸೂರಿನ ಹುಡುಗಿ, ಪುರಾತತ್ವ ಓದಿದ್ದಾಳೆ ಎಂದು ನಿನ್ನನ್ನು ಸೇರಿಸಿದವಳೂ ನಾನೇ. ನಾವಿಬ್ಬರೂ ಮನೆ ಮಾಡಿದ್ದ ಐಸೆಲಿನ್‌ನಿಂದ ದಿನವೂ ನೀನು ನನ್ನ ಕಾರಿನಲ್ಲೇ ಬರುತ್ತಿದ್ದೆ.

ಆ ಹಳೆಯ ನೆಲೆಗಳು ಎಲ್ಲೆಲ್ಲಿವೆ ಎಂದು ಕೇಳಲು ಲೆನಾಪೆ ಜನರ ಹಿರಿಯಜ್ಜಿಯೊಬ್ಬರ ಮನೆಗೆ ನಾನು ನಾಲ್ಕು ಸಲ ಹೋಗಿದ್ದೆ. ಕಾಫಿ ಕೊಟ್ಟು, ಹಿಮ ಬಿದ್ದದ್ದರ ಬಗ್ಗೆ ಮಾತಾಡಿ ಕಳಿಸಿದ್ದರು. ನೀನು ಹೋದೆ — ಒಂದೇ ಮಧ್ಯಾಹ್ನ! ನಿನ್ನ ಕೈ ಹಿಡಿದು ದಂಡೆಗೆ ಕರೆದೊಯ್ದು, ತಮ್ಮ ಪೂರ್ವಿಕರನ್ನು ಹೂಳಿದ ಜಾಗ ತೋರಿಸಿದರು. ಕಂಪ್ಯೂಟರಿಗೆ ಹಾಕಬೇಡ, ಕಳ್ಳರು ಬಂದು ಅಗೆಯುತ್ತಾರೆ ಎಂದಿದ್ದರಂತೆ. ಅದಕ್ಕೇ ನೀನು ಕೈಯಲ್ಲಿ ಬರೆದ ಆ ಒಂದೇ ಹಾಳೆ.

“ಅಕ್ಕಾ, ಇದನ್ನ ಅಟ್ಯಾಚ್ ಮಾಡ್ದೆ ಪ್ಲಾನ್ ಕಳಿಸ್ಬೇಡಿ. ಅಜ್ಜಿ ನನ್ನನ್ನ ಮಗಳೇ ಅಂತ ಕರೆದ್ರು, ಗೊತ್ತಾ?”

ಆ ಮಾತೊಂದನ್ನು ನೀನು ಹೇಳದೇ ಇದ್ದಿದ್ದರೆ... ಇಲ್ಲ. ಆಗಲೂ ನಾನು ಹಾಗೇ ಮಾಡುತ್ತಿದ್ದೆ. ಮೀಟಿಂಗಿನಲ್ಲಿ ಬಾಸ್ ನನ್ನನ್ನು ಬಿಟ್ಟು ನಿನ್ನ ಕಡೆ ತಿರುಗಲು ಶುರುಮಾಡಿದ್ದ. ನಿನ್ನ ನಗು ಕೇಳಿದರೂ ನನಗೆ ಹೊಟ್ಟೆಯೊಳಗೆ ಉರಿ. ನಕ್ಷೆಯಿಲ್ಲದ ಯೋಜನೆ ವಾಪಸ್ ಬರಲಿ, ನಿನ್ನ ಕೆಲಸ ಅರೆಬರೆ ಎಂದು ಎಲ್ಲರಿಗೂ ಕಾಣಲಿ — ಅಷ್ಟೇ ನನಗೆ ಬೇಕಿದ್ದದ್ದು. ವಾಪಸ್ ಬರಲಿಲ್ಲ. ನಕ್ಷೆ ಇಲ್ಲದ್ದನ್ನು ಯಾರೂ ಗಮನಿಸದೆ ಒಪ್ಪಿಗೆ ಪತ್ರವೇ ಬಂತು. ನೀನು ಆಫೀಸಿಗೆಲ್ಲ ಮೈಸೂರ್ ಪಾಕ್ ಹಂಚಿದೆ, ನಾನೂ ತಿಂದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ಮೂರು ವಾರದ ನಂತರ, ಮಣ್ಣು ಅಗೆಯುವ ಯಂತ್ರದ ಬಾಯಿಗೆ ಮೂಳೆಗಳು ಸಿಕ್ಕವು.

ಈ ಜಾಗ ಯೋಜನೆಯಲ್ಲಿ ಯಾಕಿಲ್ಲ ಎಂದು ಬಾಸ್ ನಮ್ಮಿಬ್ಬರನ್ನೂ ಕೂರಿಸಿ ಕೇಳಿದ. ನೀನು ಗಾಬರಿಯಲ್ಲಿ, ಅವನೆದುರೇ ಕನ್ನಡದಲ್ಲಿ ಕೇಳಿದೆ: “ಅಕ್ಕಾ, ನಿಮ್ಮ ಕೈಗೇ ಕೊಟ್ನಲ್ಲ?”

“ಇಲ್ವಲ್ಲ ರೆಹಾನಾ. ನಂಗೆ ಕೊಟ್ಟಿಲ್ಲ.”

ನಿನಗೆ ನನ್ನ ಮೇಲೆ ಸಂಶಯ ಬರಲಿಲ್ಲ — ನಿನ್ನ ಮೇಲೇ ಬಂತು. “ಹಾಗಾದ್ರೆ ನಾನೇ ಎಲ್ಲೋ...” ಎಂದೆ. ಅದೇ ವಾರ ನೀನು ಕೆಲಸ ಬಿಟ್ಟೆ. ಅಜ್ಜಿ ನಿನ್ನ ಫೋನ್ ಎತ್ತುವುದನ್ನೇ ನಿಲ್ಲಿಸಿದರು ಎಂದು ಆಮೇಲೆ ನನ್ನ ಕಿವಿಗೆ ಬಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ — ಅದನ್ನು ಕೇಳಿ ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು.

ನಾನು ಮಾಡಿದ್ದನ್ನೆಲ್ಲ ಬರೆದು ಸರ್ಕಾರದ ಕಚೇರಿಗೂ ಅಜ್ಜಿಯ ಮಗನಿಗೂ ಇಂದು ಕಳಿಸಿದ್ದೇನೆ. ಕೆಲಸ ಹೋದೀತು, ಹೋಗಲಿ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ.

ಅಜ್ಜಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು, ರೆಹಾನಾ. ನೀನು ಮೋಸ ಮಾಡಿದೆ ಎಂದು ನಂಬಿಕೊಂಡೇ ಹೋದರು.