ಕಡಲಪಾಚಿಯ ಲೋಳೆ, ಕಡಬದ ತೊಟ್ಟಿಲು

ಕೊರಿಯಾಕ್ಕೆ ಬಂದ ಮರುದಿನ ಬೆಳಿಗ್ಗೆ ನನ್ನ ಬಟ್ಟಲಿನಲ್ಲಿ ತೇಲುತ್ತಿದ್ದದ್ದು, ನಾನು ಪ್ರಯೋಗಾಲಯದಲ್ಲಿ ಪುಡಿ ಮಾಡಬೇಕಿದ್ದ ಅದೇ ಕಡಲಪಾಚಿ. ಇಲ್ಲಿ ಅದಕ್ಕೆ ಮಿಯೊಕ್ ಎನ್ನುತ್ತಾರೆ. ಬಾಣಂತಿಗೆ ಕೊಡುವುದೂ ಇದರ ಸಾರನ್ನೇ. ಬಾಡಿಗೆ ಮನೆಯ ಒಡತಿಯನ್ನು ನಾನು ಹಲ್ಮೊನಿ, ಅಂದರೆ ಅಜ್ಜಿ, ಎಂದು ಕರೆಯುತ್ತೇನೆ. ನಾನು ಉಣ್ಣುವುದನ್ನೇ ನೋಡುತ್ತ ಅವರು ಎದುರು ಕುಳಿತಿದ್ದರು. ಬಾಯಿಗಿಟ್ಟರೆ ಥೇಟ್ ಬಸಳೆ. ನಮ್ಮೂರು ಕಡಬದ ಅಡುಗೆಮನೆ ನೆನಪಾಯಿತು.

ಆ ಲೋಳೆಯಲ್ಲಿ ಸಲ್ಫೇಟ್ ಅಂಟಿಕೊಂಡ ಉದ್ದುದ್ದ ಸಕ್ಕರೆಯ ಸರಪಳಿಗಳಿರುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿದರೆ ಸಲ್ಫೇಟ್ ತನ್ನ ಪಾಲಿನ ಬೆಳಕನ್ನು ಹೀರಿ, ಕಂಪ್ಯೂಟರಿನ ಪರದೆಯಲ್ಲಿ ಮೂಡುವ ಗೆರೆಯಲ್ಲಿ ಗುರುತು ಬಿಡುತ್ತದೆ. ಅದು ಸರಪಳಿಯಲ್ಲಿ ಎಲ್ಲಿ ಅಂಟಿದೆ ಎಂದು ಆ ಗುರುತಿನಿಂದ ತಿಳಿಯುವುದು ನನ್ನ ಕೆಲಸ.

ಊರಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದೆ. ಗೆರೆ ಸರಿಯಾಗಿ ಸಿಕ್ಕಿದರೆ ರಜೆ ಎಂದಿದ್ದರು ಪ್ರೊಫೆಸರ್. ಲೋಳೆಯನ್ನು ಪೊರೆಯ ಚೀಲದಲ್ಲಿ ಕಟ್ಟಿ, ಮೂರು ದಿನ ನೀರು ಬದಲಿಸುತ್ತ ಮುಳುಗಿಸಿಟ್ಟರೆ ಉಪ್ಪು ಹೊರಗೆ ಹೋಗುತ್ತದೆ. ನಾನು ಒಂದೇ ದಿನಕ್ಕೆ ತೆಗೆದೆ. ಅವಸರವಂತೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಹೆಚ್ಚಿದ ಬಸಳೆಯನ್ನು ತೊಳೆಯಬಾರದು, ಲೋಳೆ ಹೋಗುತ್ತದೆ ಎಂದು ಅಮ್ಮ ಕಲಿಸಿದ್ದು ಕೈಯಲ್ಲೇ ಕೂತಿತ್ತು. ಪೊರೆ ಲೋಳೆಯನ್ನು ಬಿಟ್ಟುಕೊಡುವುದಿಲ್ಲ ಎಂದು ಓದಿ ಗೊತ್ತಿದ್ದರೂ ಕೈ ಕೇಳಲಿಲ್ಲ.

ಗೆರೆಯಲ್ಲಿ ಸಲ್ಫೇಟಿನ ಗುರುತು ದಪ್ಪಗೆ ಮೂಡಿತು. ನಾನು ಕುಣಿದಾಡಿದೆ. ಪ್ರೊಫೆಸರ್ ನೋಡಿ, "ಇದು ಸಕ್ಕರೆಗೆ ಅಂಟಿದ್ದಲ್ಲ, ಉಳಿದ ಉಪ್ಪಿನಲ್ಲಿರುವ ಸಲ್ಫೇಟಿನದು. ಮೊದಲಿನಿಂದ ಮಾಡಿ" ಎಂದರು. ಟಿಕೆಟ್ ರದ್ದು ಮಾಡಿದೆ.

"ಬರುದಿಲ್ವಾ ಹಾಗಾದ್ರೆ?" ಅಕ್ಕ ಫೋನಿನಲ್ಲಿ ಕೇಳಿದಳು.

"ಪಾಚಿ ಸರಿಯಾಗಿ ತೊಳಿಲಿಲ್ಲ ಅಕ್ಕ."

"ಎಂತ ಪಾಚಿ ಮಾರಾಯ್ತಿ, ನಮ್ಮ ಅಂಗಳದಲ್ಲಿ ಬೇಕಾದಷ್ಟು ಉಂಟು. ಬಂದು ತೊಳಿ."

ಇಬ್ಬರೂ ನಕ್ಕೆವು.

ತೊಟ್ಟಿಲ ದಿನ ನಾನಿಲ್ಲಿ ಚೀಲದ ನೀರು ಬದಲಿಸುತ್ತಿದ್ದೆ. ಆ ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕೆಂದು ಜೀವ ಹಾತೊರೆಯುತ್ತಿತ್ತು. ಅಳು ಬಂತು, ಅತ್ತುಬಿಟ್ಟೆ.

ಎರಡು ದಿನ ಕಳೆದು ಗೆರೆ ಸ್ವಚ್ಛವಾಗಿ ಬಂತು. ಪ್ರೊಫೆಸರ್ ಎರಡು ಸಲ ನೋಡಿ, ಚೆನ್ನಾಗಿದೆ ಎಂದರು. ಸಂತೋಷ ತಡೆಯಲಾರದೆ ಮನೆಗೆ ಓಡಿ, ಹರುಕುಮುರುಕು ಕೊರಿಯನ್ನಿನಲ್ಲಿ ಎಲ್ಲವನ್ನೂ ಹೇಳಿದೆ. ಹಲ್ಮೊನಿ ನನ್ನ ಎರಡೂ ಕೈ ಹಿಡಿದುಕೊಂಡರು. ಅಕ್ಕನಿಗೆ ಹೇಳೇ ಇಲ್ಲ ಎಂದು ಹೊಳೆದದ್ದು ಮರುದಿನ, ಅವಳೇ ಫೋನ್ ಮಾಡಿ "ಪಾಚಿ ಎಂತ ಆಯ್ತು?" ಎಂದು ಕೇಳಿದಾಗ.