ಆರಾಮೈತೆ ಅಂದ ತಿಮ್ಮವ್ವ

ತಿಮ್ಮವ್ವನಿಗೆ ಸುಮ್ಮನೆ ಕೂರುವುದು ಬಾರದು. ಹದಿನಾರು ತುಂಬುವ ಮೊದಲೇ ಪಕ್ಕದ ಹಳ್ಳಿ ಬಾತಿಯಿಂದ ಮದುವೆಯಾಗಿ ದಾವಣಗೆರೆಗೆ ಬಂದವಳು. ಗಂಡ ಮೈಲಪ್ಪ ಹತ್ತಿ ಮಿಲ್ಲಿನಲ್ಲಿದ್ದ. ಮಿಲ್ಲು ಮುಚ್ಚಿದ ಮೇಲೆ ಅವನು ಕಟ್ಟೆಯ ಮೇಲೆ ಕೂತುಬಿಟ್ಟ, ಇವಳು ಎದ್ದಳು. ನಾಲ್ಕು ತಿಂಗಳ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಮಂಡಕ್ಕಿ ಭಟ್ಟಿಗೆ ಹೋಗಿ, ಅಲ್ಲಿಯ ಜಂತಿಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿ, ಕಣದಲ್ಲಿ ಹರವಿದ ಭತ್ತವನ್ನು ಕಾಲಿನಿಂದ ಎಳೆಯುತ್ತ ಒಣಗಿಸಿದಳು. ಮಂಡಕ್ಕಿ ಜರಡಿ ಹಿಡಿದಳು, ಚೀಲ ತುಂಬಿದಳು. ಮೈಲಪ್ಪ ತೀರಿಹೋಗಿ ಹತ್ತು ವರ್ಷವಾಯಿತು. ಜೋಲಿಯಲ್ಲಿ ಬೆಳೆದ ಅಂಜನಕುಮಾರ ಈಗ ಆಟೋ ಓಡಿಸುತ್ತಾನೆ. ತಿಮ್ಮವ್ವ ಇನ್ನೂ ಭಟ್ಟಿಗೆ ಹೋಗುತ್ತಾಳೆ.

ಅಂಜನಕುಮಾರನ ಹೆಂಡತಿ ಸುಷ್ಮಾ ಗಡಿ ಭದ್ರತಾ ಪಡೆಯಲ್ಲಿ ಕಾನ್‌ಸ್ಟೇಬಲ್. ಹರಿಹರದ ಪಕ್ಕದ ಕಡರನಾಯಕನಹಳ್ಳಿಯ ಹುಡುಗಿ. ತಂದೆಯಿಲ್ಲದ ಮನೆ, ತಾಯಿ ಹೊನ್ನಕ್ಕ ಬೇರೆಯವರ ಗದ್ದೆಯನ್ನು ಕೋರಿಗೆ ಮಾಡಿ, ಬೆಳೆದದ್ದರಲ್ಲಿ ಪಾಲು ಕೊಟ್ಟು ಓದಿಸಿದ್ದಳು. ಸಂಬಂಧ ಬಂದಾಗ ತಿಮ್ಮವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಸರ್ಕಾರಿ ನೌಕರಿಯ ಸೊಸೆ ಅಂದರೆ ಸಣ್ಣ ಮಾತೇ? ಆದರೆ ಅವಳ ಲೆಕ್ಕವೇ ಬೇರೆಯಿತ್ತು. ಒಂದು ಕೂಸಾದರೆ ಹುಡುಗಿ ತಾನಾಗಿಯೇ ಕೆಲಸ ಬಿಡುತ್ತಾಳೆ, ಇಲ್ಲವೇ ಈ ಕಡೆಗೆ ವರ್ಗ ಮಾಡಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಕೂಸಾಯಿತು, ಹೆಣ್ಣು, ಭವ್ಯಾ ಎಂದು ಹೆಸರಿಟ್ಟರು. ಸುಷ್ಮಾ ಕೆಲಸವನ್ನೂ ಬಿಡಲಿಲ್ಲ, ವರ್ಗವೂ ಆಗಲಿಲ್ಲ. ಮಗು ನೋಡಿಕೊಳ್ಳಲು ಸಿಗುವ ರಜೆ ಹಾಕಿ ಮನೆಯಲ್ಲಿದ್ದಳು, ಅಷ್ಟೇ.

ಎರಡು ಸಾವಿರದ ಇಪ್ಪತ್ತೈದರ ಏಪ್ರಿಲ್ ಕೊನೆಯಲ್ಲಿ ಆ ರಜೆ ರದ್ದಾಯಿತು. ಕಾಶ್ಮೀರದಲ್ಲಿ ಪ್ರವಾಸಿಗರನ್ನು ಕೊಂದ ಸುದ್ದಿ ಬಂದು ವಾರವೂ ಆಗಿರಲಿಲ್ಲ. ಭವ್ಯಾಗೆ ಹದಿನಾಲ್ಕು ತಿಂಗಳು, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಸುಷ್ಮಾ ಫೋನಿನಲ್ಲಿ "ಜೀ ಸರ್, ಜೀ ಸರ್" ಎಂದವಳೇ ಬೀರುವಿನಿಂದ ಬ್ಯಾಗು ಇಳಿಸಿದಳು.

"ಜ್ವರ ಬಂದೈತೆ ಅಂತ ಹೇಳವ್ವ. ನಾಕ್ ದಿನ ತಡ ಆದ್ರ ಏನಾಗತೈತೆ?" ಎಂದಳು ತಿಮ್ಮವ್ವ.

"ನನಗ ಬಂದಿಲ್ಲಲ್ಲ ಅತ್ತಿ."

"ಕೂಸಿನ ಮಕ ನೋಡಿ ಆದ್ರೂ..."

"ಕೂಸಿನ ಮಕ ನೋಡಿದ್ರ ನಾ ಹೋಗಾಕ ಆಗಲ್ಲ. ಸುಮ್ನಿರ್ರಿ."

ಸುಮ್ಮನಿರುವುದೇ ತಿಮ್ಮವ್ವನಿಗೆ ಬಾರದ ವಿದ್ಯೆ. "ನಾನೂ ದುಡಿಯಾಕ ಹೋದಾಕಿನೇ. ಕೂಸು ಕಟ್ಕೊಂಡು ಹೋದೆ, ಬಿಟ್ಟು ಹೋಗ್ಲಿಲ್ಲ," ಎಂದುಬಿಟ್ಟಳು. ಸುಷ್ಮಾ ತಲೆ ಎತ್ತಲಿಲ್ಲ. ಬ್ಯಾಗಿನ ಜಿಪ್ಪು ಎಳೆಯುವಾಗ ಅವಳ ರವಿಕೆಯ ಮುಂಭಾಗ ಹಾಲಿಗೆ ಒದ್ದೆಯಾಗಿದ್ದು ಮಾತ್ರ ಕಂಡಿತು. ಅದು ಕಂಡ ಮೇಲೂ ತಿಮ್ಮವ್ವ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೊಸೆ ಹೋದ ಮೇಲೆ ಮನೆಯೊಳಗಿನ ಕ್ರಮವೆಲ್ಲ ಅದಲುಬದಲಾಯಿತು. ಭವ್ಯಾ ಅಜ್ಜಿಯ ಹತ್ತಿರ ನಿಲ್ಲಲೊಲ್ಲದು, ಅಪ್ಪನ ಹೆಗಲೇ ಬೇಕು. ಅಂಜನಕುಮಾರ ಅರ್ಧ ದಿನ ಆಟೋ ನಿಲ್ಲಿಸಿ ಮಗುವಿಗೆ ರಾಗಿ ಸರಿ ಕಾಯಿಸಿದ, ತಿನ್ನಿಸಿದ, ಬಟ್ಟೆ ಒಗೆದು ತಂತಿಗೆ ಹಾಕಿದ. ಮಗ ಚಡ್ಡಿ ಹಿಂಡುವುದನ್ನು ಓಣಿಯ ಹೆಂಗಸರು ನೋಡುತ್ತಾರಲ್ಲ ಎಂದು ತಿಮ್ಮವ್ವನಿಗೆ ಮೈಯೆಲ್ಲ ಮುಳ್ಳು. ನಳದ ಹತ್ತಿರ ಯಾರೋ ಅಂದೂ ಬಿಟ್ಟರು: "ಸೊಸಿ ಕೈಯಾಗ ಬಂದೂಕು, ಮಗನ ಕೈಯಾಗ ಹಾಲಿನ ಬಾಟ್ಲಿ. ಚೆನ್ನಾಗೈತೆ ಬಿಡ್ರಿ." ತಿಮ್ಮವ್ವ ಕೊಡ ಅರ್ಧ ತುಂಬುವುದರೊಳಗೆ ಎತ್ತಿಕೊಂಡು ಬಂದಳು. ತಾನೇ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತು ಬೇರೆಯವರ ಬಾಯಲ್ಲಿ ಬಂದಾಗ ಅಷ್ಟು ಕಹಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮೇ ಏಳನೇ ತಾರೀಕು ಬುಧವಾರ ಬೆಳಿಗ್ಗೆ ಯುದ್ಧ ಶುರುವಾಗಿದೆ ಎಂದು ಟಿವಿ ಕಿರುಚಿತು. ಸುಷ್ಮಾಳ ಫೋನು ಸ್ವಿಚ್ ಆಫ್. ಅಂಜನಕುಮಾರ ಹತ್ತು ನಿಮಿಷಕ್ಕೊಮ್ಮೆ ಒತ್ತಿದ, ಹತ್ತು ನಿಮಿಷಕ್ಕೊಮ್ಮೆ ಅದೇ ಹಿಂದಿಯ ಹೆಣ್ಣುದನಿ. ಅವಳಿದ್ದದ್ದು ಜಮ್ಮುವಿನ ಕಡೆಯ ಯಾವುದೋ ಠಾಣೆ. ಟಿವಿಯವರು ಹೇಳುವ ಊರುಗಳಲ್ಲಿ ಅದು ಯಾವುದೆಂದು ಇವರಿಗೆ ತಿಳಿಯದು. ತಿಮ್ಮವ್ವ ಟಿವಿ ಆರಿಸಿದಳು, ಮತ್ತೆ ಹಾಕಿದಳು, ಮತ್ತೆ ಆರಿಸಿದಳು. ಕೊನೆಗೆ ಸೆರಗು ಬಿಗಿದು ಭಟ್ಟಿಗೆ ನಡೆದಳು.

ಭಟ್ಟಿಯಲ್ಲಿ ಅವಳ ಜೊತೆ ಜರಡಿ ಹಿಡಿಯುತ್ತಿದ್ದವಳು ಮಾಬೂಬೀ. ಇಪ್ಪತ್ತು ವರ್ಷದ ಜೊತೆ. ಅವತ್ತು ತಿಮ್ಮವ್ವ ಜರಡಿ ಆಡಿಸಿದ ರಭಸಕ್ಕೆ ಮಂಡಕ್ಕಿ ಚೀಲಕ್ಕಿಂತ ನೆಲಕ್ಕೇ ಹೆಚ್ಚು ಬಿತ್ತು. ಮಾಬೂಬೀ ಅವಳ ಕೈ ಹಿಡಿದು ನಿಲ್ಲಿಸಿದಳು.

"ಸೊಸಿ ಸುದ್ದಿ ಏನಾರ ಬಂತೇನು?"

"ಇಲ್ಲ. ಮಗ ಮನ್ಯಾಗ ಕೂಸು ಹಿಡ್ಕೊಂಡು ಕುಂತಾನ. ಮಂದಿ ನಗ್ತಾರ."

"ನಗ್ಲಿ. ನನ್ ಗಂಡ ಒಂದಿನಾನೂ ಹಿಡೀಲಿಲ್ಲ, ಆವಾಗ ಯಾರು ಅತ್ರು? ಗಂಡಸು ಕೂಸು ಆಡ್ಸಿದ್ರ ಕೈ ಸವಿತಾವೇನು?"

ತಿಮ್ಮವ್ವ ಚೀಲದ ಬಾಯಿ ಹೊಲಿದಳು, ಹೊಲಿಗೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದಳು.

ಶುಕ್ರವಾರ ಬೆಳಿಗ್ಗೆ ಭವ್ಯಾಳ ಮೈ ಬೆಚ್ಚಗಿತ್ತು. ಓಣಿಯ ಕೊನೆಯ ಡಾಕ್ಟರು ನೂರಾ ಒಂದು ಜ್ವರವಿದೆ ಎಂದು ಸಿರಪ್ ಬರೆದುಕೊಟ್ಟರು. ಅಷ್ಟೊತ್ತಿಗೆ ಬಾತಿಯಿಂದ ತಿಮ್ಮವ್ವನ ಅಣ್ಣ ಗುತ್ತೆಪ್ಪ ಬಂದ. ಅವನು ತೊಂದರೆಯ ವಾಸನೆ ಹಿಡಿದೇ ಬರುವವನು, ಬಂದಮೇಲೆ ಉಪಾಯ ಹೇಳದೆ ಹೋಗುವವನಲ್ಲ.

"ಕೂಸಿಗೆ ಜ್ವರ ಬಂದಿದ್ದು ಖರೆ ಐತಲ್ಲ? ಡಾಕ್ಟರ ಚೀಟಿ ಐತಲ್ಲ? ಹಾಲು ಕುಡಿಯೋ ಕೂಸು, ಭಾಳ ಸೀರಿಯಸ್ ಐತೆ ಅಂತ ಅರ್ಜಿ ಹಾಕಾಕ ಹೇಳ್ರಿ. ದೊಡ್ಡ ಸಾಹೇಬ್ರು ಕಳಿಸ್ತಾರ," ಎಂದ.

"ಆಕಿ ನನ್ ಮಾತು ಕೇಳಲ್ಲಣ್ಣ."

"ನಿನ್ ಮಾತು ಕೇಳ್ದಿದ್ರ ಹಡೆದಾಕಿ ಮಾತು ಕೇಳ್ತಾಳ. ಹರಿಹರಕ್ಕ ಹೋಗಿ ಬೀಗಿತ್ತಿನ ಹಿಡಿ."

ತಿಮ್ಮವ್ವನಿಗೆ ಬೇಕಾಗಿದ್ದೂ ಹೋಗಲು ಒಂದು ಜಾಗ. ಮಗುವನ್ನು ಮಗನ ಕೈಗೆ ಕೊಟ್ಟು, ಡಾಕ್ಟರ ಚೀಟಿಯನ್ನು ರವಿಕೆಯೊಳಗೆ ಮಡಚಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲಿನಲ್ಲೂ ಬೆಂಕಿ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಹರಿಹರದಲ್ಲಿ ಇಳಿದು ಊರಿನ ಆಟೋ ಹಿಡಿದು ಕಡರನಾಯಕನಹಳ್ಳಿ ಮುಟ್ಟಿದಾಗ ಹನ್ನೆರಡು ಗಂಟೆಯ ಬಿಸಿಲು.

ಬೇಸಿಗೆ ಭತ್ತದ ಕೊಯ್ಲು ಮುಗಿದ ಕಾಲ. ಹೊನ್ನಕ್ಕ ಮನೆಯಲ್ಲಿರಲಿಲ್ಲ. ರಸ್ತೆಯ ಅಂಚಿನಲ್ಲಿ ಭತ್ತ ಹರವಿ, ತಲೆಗೆ ಟವೆಲು ಸುತ್ತಿಕೊಂಡು, ಕೂಳೆಯಂಥ ಕೈಗಳಲ್ಲಿ ಕಸ ಆರಿಸುತ್ತಿದ್ದಳು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದಳು.

"ಬರ್ರಿ ಬೀಗ್ರೆ. ನೆಳ್ಳಿಗೆ ಕೂಡ್ರಿ," ಎಂದಳು ಹೊನ್ನಕ್ಕ. ಬೀಗಿತ್ತಿಯ ಮುಖ ನೋಡಿದವಳೇ ಹೆದರಿ, "ಏನಾರ ಸುದ್ದಿನಾ?" ಎಂದಳು.

"ಇಲ್ಲ, ಇಲ್ಲ."

ತಿಮ್ಮವ್ವ ಕೂರಲಿಲ್ಲ. ಚಪ್ಪಲಿ ಬಿಟ್ಟು ಭತ್ತದೊಳಗೆ ಇಳಿದು, ಭಟ್ಟಿಯ ಕಣದಲ್ಲಿ ಮಾಡುವಂತೆ ಪಾದ ಎಳೆಯುತ್ತ ಸಾಲು ತೆಗೆಯತೊಡಗಿದಳು. ಕಾಲಡಿ ಸುಡುತ್ತಿತ್ತು. ಆ ಕೊನೆಯಿಂದ ಈ ಕೊನೆಗೆ ನಡೆಯುತ್ತಲೇ ಬಂದ ಕಾರಣ ಹೇಳಿದಳು: ಜ್ವರ, ಚೀಟಿ, ಅರ್ಜಿ.

ಹೊನ್ನಕ್ಕ ಕಸ ಆರಿಸುತ್ತಲೇ ಇದ್ದಳು. ಆಮೇಲೆ, "ನಂಗೂ ಮೂರು ದಿನದಿಂದ ಅನ್ನ ಇಳಿದಿಲ್ರಿ. ಬಂದ್ರ ಸಾಕು ಅನ್ನಿಸ್ತೈತೆ. ಫೋನ್ ಬಂದ್ರ ನೀವ ಹೇಳ್ರಿ. ನಾನು ಬ್ಯಾಡ ಅನ್ನಲ್ಲ. ಹೇಳು ಅಂತಾನೂ ಅನ್ನಲ್ಲ," ಎಂದಳು.

ಒಂದು ಗಂಟೆಯ ಸುಮಾರಿಗೆ ಹೊನ್ನಕ್ಕನ ಕೊರಳಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಪ್ಲಾಸ್ಟಿಕ್ಕಿನ ಗಂಟು ಬಿಚ್ಚಲು ಬಾರದೆ ಹೊನ್ನಕ್ಕ ಹಲ್ಲಿನಿಂದ ಹರಿದಳು. ಸುಷ್ಮಾ. ಯಾರದೋ ಫೋನು, ಎರಡೇ ನಿಮಿಷ. ಅಂಜನಕುಮಾರನಿಗೆ ಹಚ್ಚಿದರೆ ಎಂಗೇಜ್ ಬರುತ್ತಿದೆ, ಅದಕ್ಕೇ ಅವ್ವನಿಗೆ ಮಾಡಿದೆ ಎಂದಳು. ಅವನೂ ಅದೇ ಹೊತ್ತಿಗೆ ಅವಳ ನಂಬರನ್ನೇ ಒತ್ತುತ್ತಿದ್ದಿರಬೇಕು. ಹೊನ್ನಕ್ಕ ಅಳುತ್ತಲೇ ಎರಡು ಮಾತಾಡಿ ಫೋನನ್ನು ತಿಮ್ಮವ್ವನ ಕೈಗೆ ಕೊಟ್ಟಳು.

"ಅತ್ತಿ, ನೀವಾ? ಅಲ್ಲಿ ಹೆಂಗೆ? ಪಾಪು ಹೆಂಗೈತೆ?"

ಹಿಂದೆ ಎಲ್ಲೋ ಗುಡುಗಿದಂತೆ ಸದ್ದು. ಸುಷ್ಮಾಳ ದನಿ ಕೀರಲಾಗಿತ್ತು, ಆದರೆ ನಡುಗುತ್ತಿರಲಿಲ್ಲ. ತಿಮ್ಮವ್ವನ ಕೈ ರವಿಕೆಯೊಳಗಿನ ಚೀಟಿಯ ಮೇಲಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದಳು.

"ಆಡ್ತೈತೆ. ಆರಾಮೈತೆ. ನಿನ್ನ ಮಗಳಿಗೆ ಏನ್ ಬಂದೈತೆ? ಅಪ್ಪನ ಹೆಗಲ ಮ್ಯಾಲೆ ಕುಂತು ರಾಜ್ಯ ಆಳ್ತೈತೆ."

"ಹೂಂ. ಊಟ?"

"ಮಾಡ್ತೈತೆ. ನೀನು ಹುಷಾರವ್ವಾ. ತಲಿ ತಗ್ಗಿಸ್ಕೊಂಡಿರು."

ಫೋನು ಕಟ್ಟಾಯಿತು. ತಾನು ಯಾಕೆ ಹಾಗೆ ಹೇಳಿದೆ ಎಂದು ತಿಮ್ಮವ್ವನಿಗೇ ತಿಳಿಯಲಿಲ್ಲ. ಗುಂಡು ಹಾರುವ ಕಡೆ ನಿಂತವಳ ಕಣ್ಣ ಮುಂದೆ ಸುಡುವ ಕೂಸನ್ನು ತಂದು ನಿಲ್ಲಿಸಲು ನಾಲಿಗೆ ಏಳಲಿಲ್ಲ, ಅಷ್ಟೇ. ಹೊನ್ನಕ್ಕ ಅವಳನ್ನೇ ನೋಡುತ್ತಿದ್ದಳು. ತಿಮ್ಮವ್ವ ಚಪ್ಪಲಿ ಮೆಟ್ಟಿದಳು.

ತಿಮ್ಮವ್ವ ಮನೆ ಸೇರಿದಾಗ ಸಂಜೆ ನಾಲ್ಕೂವರೆ. ಅಂಜನಕುಮಾರ ಒದ್ದೆ ಬಟ್ಟೆಯಿಂದ ಮಗುವಿನ ಹಣೆ ಒರೆಸುತ್ತಿದ್ದ. ಅಜ್ಜಿ ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಭವ್ಯಾಳ ಕಣ್ಣು ಮೇಲಕ್ಕೆ ಹೊರಳಿತು, ಹಲ್ಲು ಕಚ್ಚಿತು, ಕೈಕಾಲು ಬಡಿಯತೊಡಗಿತು. ತಿಮ್ಮವ್ವನ ಬಾಯಿಂದ ಹೊರಟ ಕೂಗಿಗೆ ಓಣಿಯೆಲ್ಲ ಹೊರಗೆ ಬಂತು. ನಳದ ಹತ್ತಿರ ನಕ್ಕಿದ್ದ ಹೆಂಗಸೇ ಆಟೋದಲ್ಲಿ ಹತ್ತಿ ಕೂತಳು. ಮಗ ಆಟೋ ಓಡಿಸಿದ, ತಿಮ್ಮವ್ವ ಮಗುವನ್ನು ಒಂದು ಮಗ್ಗುಲಿಗೆ ಹಿಡಿದುಕೊಂಡಳು. ನಿಜಲಿಂಗಪ್ಪ ಬಡಾವಣೆಯ ಒಂದು ಮಕ್ಕಳ ಆಸ್ಪತ್ರೆ ಮುಟ್ಟುವವರೆಗೆ ಅವಳ ತಲೆಯಲ್ಲಿ ಒಂದೇ ಮಾತು ಗಿರಗಿರನೆ ತಿರುಗುತ್ತಿತ್ತು: ಆರಾಮೈತೆ, ಆರಾಮೈತೆ, ಆರಾಮೈತೆ.

ಜ್ವರ ಏರಿದಾಗ ಸಣ್ಣ ಮಕ್ಕಳಿಗೆ ಹೀಗಾಗುವುದುಂಟು, ಹೆದರಬೇಡಿ, ಎರಡು ದಿನ ಇಟ್ಟುಕೊಂಡು ನೋಡೋಣ ಎಂದರು ಡಾಕ್ಟರು. ಹೆದರಬೇಡಿ ಎಂದವರ ಮಾತನ್ನು ತಿಮ್ಮವ್ವ ನಂಬಲಿಲ್ಲ. ತಾನೂ ಆ ಮಧ್ಯಾಹ್ನ ಅಂಥದ್ದೇ ಮಾತು ಹೇಳಿ ಬಂದವಳಲ್ಲವೇ. ವಾರ್ಡಿನ ಆ ಗೋಡೆಯಿಂದ ಈ ಗೋಡೆಗೆ ಹನ್ನೊಂದು ಹೆಜ್ಜೆ, ಎಷ್ಟು ಸಲ ನಡೆದಳೋ. ಸುಷ್ಮಾ ಮಾತಾಡಿದ್ದ ನಂಬರಿಗೆ ಮಗ ಫೋನು ಹಚ್ಚಿದ, ಅದೂ ಸ್ವಿಚ್ ಆಫ್.

ಶನಿವಾರ ಸಂಜೆ ಪಕ್ಕದ ಮಂಚದವರು ಮೊಬೈಲು ಎತ್ತಿ ಹಿಡಿದು "ಯುದ್ಧ ನಿಂತತಂತ್ರಿ" ಎಂದರು. ಅಂಜನಕುಮಾರ ಗೋಡೆಗೆ ಹಣೆ ಒತ್ತಿಕೊಂಡು ನಿಂತ. ತಿಮ್ಮವ್ವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಗು ಎರಡು ಚಮಚ ಗಂಜಿ ಕುಡಿದು ವಾಂತಿ ಮಾಡದೆ ಮಲಗಿದ ಮೇಲೆ, ಭಾನುವಾರ ಸುಷ್ಮಾಳದೇ ಫೋನಿನಿಂದ ಅವಳ ದನಿ ಬಂದ ಮೇಲೆ, ಆಗ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಜ್ವರ ಇಳಿದಿದೆಯಲ್ಲ, ಈಗ ಹೇಳಿ ಏನು ಪ್ರಯೋಜನ ಎಂದು ಮಗನಿಗೂ ಬಾಯಿ ಬಿಡದಂತೆ ಹೇಳಿದಳು.

ಜುಲೈನಲ್ಲಿ ಸುಷ್ಮಾಗೆ ಇಪ್ಪತ್ತು ದಿನದ ರಜೆ ಸಿಕ್ಕಿತು. ಬಂದಾಗ ಭವ್ಯಾ ಅವಳ ಗುರುತು ಹಿಡಿಯದೆ ಅಪ್ಪನ ಕಾಲ ಹಿಂದೆ ಅವಿತುಕೊಂಡಿತು. ಎರಡು ದಿನ ಬೇಕಾಯಿತು ಹತ್ತಿರ ಬರಲು. ಎದೆಹಾಲಿನ ನೆನಪೇ ಅದಕ್ಕಿರಲಿಲ್ಲ. ಸುಷ್ಮಾ ಅದನ್ನೂ ನುಂಗಿಕೊಂಡಳು. ನಾಲ್ಕನೇ ದಿನ ಲಸಿಕೆ ಹಾಕಿಸಲೆಂದು, ಅದನ್ನು ಬರೆದಿಡುವ ‘ತಾಯಿ ಕಾರ್ಡ’ನ್ನು ಹುಡುಕಿದಳು. ಪ್ಲಾಸ್ಟಿಕ್ ಕವರಿನಿಂದ ಕಾರ್ಡಿನ ಜೊತೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯೂ ಹೊರಬಂತು.

ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಅತ್ತಿ, ಫಿಟ್ಸ್ ಬಂದಿತ್ತಾ?"

ತಿಮ್ಮವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಬಂದಿತ್ತು. ಹೋತು."

"ಒಂಬತ್ತನೇ ತಾರೀಕು. ನಾನು ಫೋನ್ ಮಾಡಿದ್ ದಿನ."

"ಅದು ಸಂಜಿಗೆ ಬಂದಿದ್ದು. ನೀನು ಕೇಳಿದಾಗ ಬರೇ ಜ್ವರ ಇತ್ತು."

"ಜ್ವರ ಐತೆ ಅಂತಾರ ಹೇಳ್ಬೇಕಿತ್ತಲ್ಲ."

"ಹೇಳಿದ್ರ ಏನ್ ಮಾಡ್ತಿದ್ದಿ? ಓಡಿ ಬರ್ತಿದ್ದ್ಯಾ? ಅಲ್ಲಿ ನಿನ್ನ ತಲಿ ಮ್ಯಾಲೆ ಬೆಂಕಿ ಬೀಳ್ತಿತ್ತು. ನಿನ್ನ ಜೀವ ಉಳೀಲಿ ಅಂತ ಹೇಳ್ದೆ. ನನ್ನ ಸೊಸಿ ನೀನು."

ಸುಷ್ಮಾ ದನಿ ಏರಿಸಲಿಲ್ಲ. ಏರಿಸಿದ್ದರೆ ತಿಮ್ಮವ್ವನಿಗೆ ಸುಲಭವಾಗುತ್ತಿತ್ತು.

"ನಿಮ್ಮ ಮಾತು ನಂಬಿ ನಾನು ಆ ದಿನ ನಿಂತ್ಕೊಂಡೆ ಅತ್ತಿ. ಪಾಪು ಆರಾಮೈತೆ, ಅತ್ತಿ ಹೇಳ್ಯಾರ ಅಂತ. ಇನ್ನ ನೀವು ಆರಾಮೈತೆ ಅಂದ್ರ ನಾನು ನಂಬಾದು ಹೆಂಗೆ? ಖರೇನ ಆರಾಮಿದ್ರೂ ನಂಗೆ ನಿದ್ದಿ ಹತ್ತಲ್ಲ."

ರೊಟ್ಟಿ ಹೆಂಚಿನ ಮೇಲೆ ಕರಕಲಾಯಿತು. ಇಬ್ಬರಲ್ಲಿ ಯಾರೂ ಅದನ್ನು ತೆಗೆಯಲಿಲ್ಲ. ಎರಡು ದಿನ ಸೊಸೆ ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ಮೂರನೇ ದಿನ ತಿಮ್ಮವ್ವನೇ ಹೋಗಿ ಅವಳ ಎದುರು ನಿಂತಳು.

"ತಪ್ಪಾತು ಅನ್ನಾಕ ನಂಗ ಬಾಯಿ ಬರಲ್ಲ. ನೀನು ಹೇಳು, ಹೆಂಗ ಮಾಡಬೇಕು?"

"ಇದ್ದದ್ದು ಇದ್ದಂಗ ಹೇಳ್ರಿ. ಎಷ್ಟ ಕೆಟ್ಟದ್ದಿರ್ಲಿ. ಉಳಿದದ್ದು ನಂಗ ಬಿಡ್ರಿ."

ಸುಷ್ಮಾ ಮತ್ತೆ ಗಡಿಗೆ ಹೋದಳು. ಅಂಜನಕುಮಾರ ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನದ ಮೇಲೆ ಆಟೋದಲ್ಲಿ. ತಿಮ್ಮವ್ವ ಬೆಳಿಗ್ಗೆ ಭಟ್ಟಿಯಲ್ಲಿ, ಮಧ್ಯಾಹ್ನದ ಮೇಲೆ ಮನೆಯಲ್ಲಿ. ಯಾರಾದರೂ ಕೇಳಿದರೆ, "ನಮ್ಮನಿಯಾಗ ಮೂರು ಪಾಳಿ ನಡೀತೈತ್ರಿ, ಒಂದು ಗಡಿಯಾಗ," ಎನ್ನುತ್ತಾಳೆ. ಕಾಲು ಮಾತ್ರ ಈಗಲೂ ಒಂದು ಕಡೆ ನಿಲ್ಲುವುದಿಲ್ಲ. ಫೋನು ಬರುವ ಹೊತ್ತಿಗೆ ಒಳಗೂ ಹೊರಗೂ ನಾಲ್ಕು ಸಲ ಹೋಗಿ ಬರುತ್ತಾಳೆ. ಕದನ ನಿಂತಿದೆ ಎನ್ನುತ್ತಾರೆ, ಅವಳಿಗೆ ನಂಬಿಕೆಯಿಲ್ಲ.

ಮೊನ್ನೆ ಫೋನು ಬಂದಾಗ ಭವ್ಯಾ ಆಗಷ್ಟೇ ಮೆಟ್ಟಿಲ ಮೇಲಿಂದ ಬಿದ್ದು ಅತ್ತು ಸುಮ್ಮನಾಗಿತ್ತು. ತಿಮ್ಮವ್ವ ಒಂದು ಕ್ಷಣ ಫೋನನ್ನು ಎದೆಗೊತ್ತಿ ಹಿಡಿದು, ಆಮೇಲೆ ಕಿವಿಗಿಟ್ಟುಕೊಂಡಳು.

"ಬಿದ್ದೈತವ್ವಾ. ತುಟಿ ಒಡದೈತೆ. ರಗತ ಬಂತು, ಸ್ವಲ್ಪ. ಅರಿಷಿಣ ಹಚ್ಚೀನಿ."

ಆ ಕಡೆ ಗಾಳಿ ಬೀಸುವುದು ಕೇಳುತ್ತಿತ್ತು. ತಿಮ್ಮವ್ವ ಕಾದಳು.

"ಮ್ಯಾಲಿನ ತುಟಿನಾ, ಕೆಳಗಿಂದಾ?" ಎಂದಳು ಸುಷ್ಮಾ.

ತಿಮ್ಮವ್ವ ಮಗುವಿನ ಗದ್ದ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.