ಫೋನಿಗೆ ಮೊದಲೇ ಬರೆದ ದರ

ಶಿರ್ತಾಡಿಯ ತಿರುವಿನಲ್ಲಿ ನನ್ನ ಬೈಕಿನ ಮುಂದೆ ರಬ್ಬರ್ ಶೀಟು ತುಂಬಿದ ಜೀಪೊಂದು ಸಿಕ್ಕಿತು. ಹುಳಿ ಬೆರೆತ ಹೊಗೆಯ ಆ ವಾಸನೆ ಮೂಡುಬಿದಿರೆಯ ಕಾಲೇಜು ಮುಟ್ಟಿದರೂ ಮೂಗು ಬಿಡಲಿಲ್ಲ. ಅವತ್ತೇ ನಾನು ಕಾನೂನು ವಿದ್ಯಾರ್ಥಿಗಳಿಗೆ ಗಡಿಯಾಚೆಯ ಕಾರ್ಟೆಲ್‌ಗಳ ಪಾಠ ಮಾಡಬೇಕಿತ್ತು. ವ್ಯಾಪಾರಿಗಳು ಒಳಗೊಳಗೇ ಒಂದಾಗಿ ದರ ಕಟ್ಟಿಹಾಕುವ ಕೂಟಕ್ಕೆ ಪುಸ್ತಕದಲ್ಲಿರುವ ಹೆಸರು ಅದು. ಪುಸ್ತಕ ತೆರೆಯುವ ಮೊದಲೇ, ನಮ್ಮೂರು ಕೊಕ್ಕಡದಲ್ಲಿ ಬೆಳೆಗಾರರಿಂದ ಶೀಟು ಕೊಳ್ಳುತ್ತಿದ್ದ ರಬ್ಬರ್ ಅಂಗಡಿಯ ಅಕ್ಕ, ಊರಿಗೆಲ್ಲ ಅವರು ಅಕ್ಕನೇ, ಕಣ್ಣ ಮುಂದೆ ಬಂದು ನಿಂತರು...

ಗಂಡ ತೀರಿಹೋದ ಮೇಲೆ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ಬೆಳಿಗ್ಗೆ ಬಾಗಿಲು ತೆರೆದರೂ ದರದ ಹಲಗೆ ಖಾಲಿ. ಶೀಟು ಕೊಳ್ಳುವ ಕೇರಳದ ದೊಡ್ಡ ವ್ಯಾಪಾರಿಗಳ ಫೋನು ಬರಬೇಕು; ಬಂದ ಮೇಲೆ ಗಡಿಯ ಎರಡೂ ಬದಿಯ ಅಂಗಡಿಗಳಲ್ಲಿ ಒಂದೇ ದರ. ಅಲ್ಲಿಯವರೆಗೆ ಬೆಳೆಗಾರರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ನನ್ನ ಅಪ್ಪನೂ. ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ.

ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದ ನಾನು ರಜೆಗೆ ಬಂದಾಗ ಅಕ್ಕ ಕೇಳಿದ್ದರು: “ಪೇಪರಿನಲ್ಲಿ ರೇಟು ಏರ್ತದೆ, ನನ್ನ ಹಲಗೆಯಲ್ಲಿ ಏರುವುದಿಲ್ಲ. ಅವರು ಮಾತಾಡಿಕೊಳ್ಳುವುದು ಅಲ್ಲಿ, ಪೆಟ್ಟು ಬೀಳುವುದು ಇಲ್ಲಿ. ಇದನ್ನು ಯಾರಿಗೆ ಹೇಳುವುದು ಮಾರಾಯ?”

ನಮ್ಮ ಪಾಠ ಅಲ್ಲಿಯವರೆಗೆ ಬಂದಿರಲಿಲ್ಲ. ಕೇಳಿ ಹೇಳ್ತೇನೆ ಅಂದೆ. ಕಾಯುವ ಜಾಯಮಾನ ಅವರದಲ್ಲ. ಒಂದು ಬೆಳಿಗ್ಗೆ ಫೋನು ಬರುವ ಮೊದಲೇ ಸೀಮೆಸುಣ್ಣ ಹಿಡಿದು ಹೆಚ್ಚಿನ ದರ ಬರೆದೇಬಿಟ್ಟರು. ದೂರದ ಚಪ್ಪಲಿ ಕಾರ್ಖಾನೆಯೊಂದು ಅವರಿಂದ ನೇರವಾಗಿ ಕೊಳ್ಳಲು ಒಪ್ಪಿತ್ತು, ಆದರೆ ಲಾರಿ ತುಂಬ ಸರಕು ಬೇಕು. ತುಂಬಿದರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಬಾಗಿಲು ಹಾಕುವುದೇ, ಫೋನಿನ ದರ ಮೀರಿದವರಿಂದ ಕೇರಳದವರು ಮತ್ತೆ ಕೊಳ್ಳುವುದಿಲ್ಲ.

ಜನ ಮುಗಿಬೀಳುತ್ತಾರೆ ಎಂದುಕೊಂಡಿದ್ದೆ. ಕಟ್ಟೆಯ ಮೇಲೆ ಹುಟ್ಟಿದ ಮಾತೇ ಬೇರೆ: “ರೇಟು ಜಾಸ್ತಿ ಕೊಡುವವಳ ತಕ್ಕಡಿ ನೋಡಬೇಕು ಮಾರಾಯ.” ಹಾಗೆಂದವರಲ್ಲಿ ಅಪ್ಪನೂ ಒಬ್ಬರು. ಎಲ್ಲರೂ ಶೀಟಿನ ಕಟ್ಟು ಹೊತ್ತು ಬೇರೆ ಅಂಗಡಿಗೆ, ಕಡಿಮೆ ದರಕ್ಕೆ ನಡೆದರು! ನೆನೆದರೆ ಈಗಲೂ ಮೈ ಉರಿಯುತ್ತದೆ. ಮಳೆಗಾಲ ಹಿಡಿಯಿತು. ಅಂಗಡಿಯಲ್ಲಿ ಮೊದಲೇ ಕೊಂಡಿಟ್ಟಿದ್ದ ಅರ್ಧ ಲಾರಿ ಶೀಟಿಗೆ ಬೂಷ್ಟು ಬಂತು. ಅಕ್ಕ ಒಬ್ಬರೇ ಕೂತು ಒಂದೊಂದನ್ನೇ ಬಟ್ಟೆಯಲ್ಲಿ ಒರೆಸುತ್ತಿದ್ದರು... ಕೊನೆಗೆ ಅಂಗಡಿ ಮುಚ್ಚಿ ಬೆಳ್ತಂಗಡಿಯ ಮಗಳ ಮನೆ ಸೇರಿದರು. ಕಳೆದ ವರ್ಷ ಅಲ್ಲೇ ತೀರಿಕೊಂಡರು.

ಅವತ್ತು ತರಗತಿಯಲ್ಲಿ ಹೇಳಿದೆ: ಕೂಟ ಕಟ್ಟಿದ್ದು ಪಕ್ಕದ ರಾಜ್ಯದಲ್ಲಿರಲಿ, ಹೊರದೇಶದಲ್ಲೇ ಇರಲಿ, ಪೆಟ್ಟು ನಮ್ಮ ಪೇಟೆಗೆ ಬಿದ್ದರೆ ನಮ್ಮ ಕಾನೂನು ಕೈ ಹಾಕಬಹುದು. “ದೂರು ಯಾರು ಕೊಡಬೇಕು ಸರ್?” ಎಂದು ಹುಡುಗಿಯೊಬ್ಬಳು ಕೇಳಿದಳು. “ಯಾರು ಬೇಕಾದರೂ ಕೊಡಬಹುದು,” ಎಂದೆ. ಆ ಉತ್ತರ ಬೇಕಿದ್ದವರು ಇಲ್ಲ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಚಾ ಕುಡಿಯಲೂ ಮನಸ್ಸಾಗದೆ ಮೈದಾನಕ್ಕೆ ಸುತ್ತು ಹಾಕಿ, ಕೊನೆಗೆ ಅಪ್ಪನಿಗೆ ಫೋನು ಮಾಡಿದೆ.

“ಅಕ್ಕನ ತಕ್ಕಡಿಯಲ್ಲಿ ನಿಜವಾಗಿ ಮೋಸ ಇತ್ತಾ ಅಪ್ಪ?”



“ಇರ್ಲಿಲ್ಲ. ನಾನು ಮನೆಯಲ್ಲಿ ತೂಗಿಯೇ ಕೊಂಡುಹೋಗ್ತಿದ್ದೆ. ಸರೀ ಇತ್ತು.”

“ಮತ್ತೆ ಯಾಕೆ...”

“ಅವಳಿಗೆ ಕೊಟ್ಟವರ ಶೀಟು ಮತ್ತೆಂದೂ ಮುಟ್ಟುವುದಿಲ್ಲ ಅಂತ ಬೇರೆ ಅಂಗಡಿಯವರು ಹೇಳಿದ್ದರು ಮಗಾ. ಅವಳಲ್ಲಿಗೆ ಹೋಗುವುದು ಬೇಡ ಅಂತ ನಾವೂ ಮಾತಾಡಿಕೊಂಡೆವು. ತಕ್ಕಡಿಯದ್ದು ಸುಮ್ಮನೆ, ಹೇಳಲಿಕ್ಕೆ ಒಂದು ಕಾರಣ.”

ಅಕ್ಕನಿಗೆ ಇದು ಗೊತ್ತಾಗಲೇ ಇಲ್ಲ. ಊರಿನವರು ತನ್ನನ್ನು ಕಳ್ಳಿ ಎಂದುಕೊಂಡರು ಎಂದೇ ನಂಬಿ ಹೋದರು.